ಕರ್ನಾಟಕದಲ್ಲಿ ಹಿರಿಯರಿಗೆ ಏನು ಸಿಗುತ್ತೆ, ಎಲ್ಲಿ ಕೇಳಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮನ ಪಿಂಚಣಿ ಅರ್ಜಿ ಹಿಡಿದುಕೊಂಡು ಮೊದಲ ಸಲ ನಾಡಕಚೇರಿಗೆ ಹೋದಾಗ ನನಗೂ ಏನೂ ಗೊತ್ತಿರಲಿಲ್ಲ. ಮೂರು ಸಲ ವಾಪಸ್ ಬಂದೆ. ನಾಲ್ಕನೇ ಸಲ ಕೆಲಸ ಆಯಿತು, ಜೊತೆಗೆ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರ ಅರ್ಜಿಯನ್ನೂ ತುಂಬಿಕೊಟ್ಟೆ. ಆಮೇಲೆ ಅದೇ ಅಭ್ಯಾಸ ಆಗಿಹೋಯಿತು. ಈಗ ಬೀದಿಯವರು, ನೆಂಟರು, ನೆಂಟರ ನೆಂಟರು ಫೋನ್ ಮಾಡುತ್ತಾರೆ, ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅದಕ್ಕೇ ಬರೆದಿಟ್ಟಿದ್ದೇನೆ.

ಏನೂ ತೋಚುತ್ತಿಲ್ಲ. ಮೊದಲು ಯಾರಿಗೆ ಫೋನ್ ಮಾಡಲಿ?

14567. ಇದು ಎಲ್ಡರ್‌ಲೈನ್, ಹಿರಿಯರಿಗಾಗಿಯೇ ಇರುವ ಸಹಾಯವಾಣಿ. ಕಾಸು ಖರ್ಚಿಲ್ಲ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ. ಕನ್ನಡದಲ್ಲೇ ಮಾತಾಡಿ. ಪಿಂಚಣಿ, ವೃದ್ಧಾಶ್ರಮ, ಮನೆಯಲ್ಲಿ ಕಿರುಕುಳ, ಬೀದಿಯಲ್ಲಿ ಯಾರೋ ವಯಸ್ಸಾದವರು ಅನಾಥವಾಗಿ ಕೂತಿದ್ದಾರೆ ಎನ್ನುವುದು, ಎಲ್ಲಕ್ಕೂ ಇದೇ ನಂಬರು. ಬೆಂಗಳೂರಿನವರಿಗೆ 1090 ಕೂಡ ಇದೆ. 2002ರಿಂದ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ನಡೆಸಿಕೊಂಡು ಬಂದಿರುವ ಸಹಾಯವಾಣಿ ಅದು.

ಹೊಡೆಯುತ್ತಿದ್ದಾರೆ, ಬಾಗಿಲು ಹಾಕಿ ಹೊರಗೆ ನಿಲ್ಲಿಸಿದ್ದಾರೆ ಅಂತಾದರೆ ಸಹಾಯವಾಣಿ ಎಲ್ಲ ಆಮೇಲೆ, ಮೊದಲು 112ಕ್ಕೆ ಮಾಡಿ. ದುಡ್ಡು ಮೋಸ ಆಗಿದ್ದರೆ 1930. ಉಚಿತ ಕಾನೂನು ನೆರವಿಗೆ 15100. ಮನಸ್ಸಿಗೆ ತುಂಬಾ ಕಷ್ಟ ಆಗುತ್ತಿದ್ದರೆ 14416, ಅದು ಟೆಲಿ ಮಾನಸ್. ಸರ್ಕಾರಿ ಕಚೇರಿಯಲ್ಲಿ ಕೆಲಸ ಆಗದೆ ಕೂತಿದ್ದರೆ ಜನಸ್ಪಂದನದ 1902. ಇವಿಷ್ಟನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೋ ದೇವರ ಮನೆ ಬಾಗಿಲಿಗೋ ಅಂಟಿಸಿ. ಮೊಬೈಲಲ್ಲಿ ಸೇವ್ ಮಾಡಿಕೊಟ್ಟರೆ ಅದನ್ನು ಹುಡುಕುವುದಕ್ಕೇ ಇನ್ನೊಬ್ಬರು ಬೇಕು.

ಎಷ್ಟು ವಯಸ್ಸಾದರೆ ಹಿರಿಯ ನಾಗರಿಕರು?

60. ಆದರೆ ಎಲ್ಲ ಸೌಲಭ್ಯಕ್ಕೂ 60 ಅಲ್ಲ, ಗೊಂದಲ ಇರುವುದೇ ಇಲ್ಲಿ. ಬಸ್ ರಿಯಾಯಿತಿಗೆ 60, ಸಂಧ್ಯಾ ಸುರಕ್ಷಾ ಪಿಂಚಣಿಗೆ 65, ಬ್ಯಾಂಕಿನವರು ಮನೆಗೇ ಬರಬೇಕಾದರೆ 70, ಮನೆಯಿಂದಲೇ ವೋಟು ಹಾಕುವುದಕ್ಕೆ 85. ಮಕ್ಕಳಿಂದ ಜೀವನಾಂಶ ಕೇಳುವ ಅಪ್ಪ ಅಮ್ಮನಿಗೆ ಮಾತ್ರ ವಯಸ್ಸಿನ ಮಿತಿಯೇ ಇಲ್ಲ. 52 ವರ್ಷದ ತಾಯಿಯೂ ಅರ್ಜಿ ಹಾಕಬಹುದು.

ಹಿರಿಯ ನಾಗರಿಕರ ಗುರುತಿನ ಚೀಟಿ ಬೇಕೇ ಬೇಕಾ?

ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪ್ರಪಂಚ ಮುಳುಗುವುದಿಲ್ಲ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಕೊಡುತ್ತದೆ, ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ನೀವೇ ಮಾಡಲು ಬರದಿದ್ದರೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಿವೆ.

ಕಾರ್ಡಿಗಿಂತ ಮುಖ್ಯ ಇನ್ನೊಂದಿದೆ. ಆಧಾರ್‌ನಲ್ಲಿ ಹುಟ್ಟಿದ ದಿನ ಸರಿ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ನಮ್ಮ ಕಡೆಯ ಮುಕ್ಕಾಲು ಪಾಲು ಅಜ್ಜಿಯರು ಜನವರಿ 1ಕ್ಕೇ ಹುಟ್ಟಿದವರು! ಅವತ್ತು ಕ್ಯಾಂಪಿನಲ್ಲಿ ವಯಸ್ಸು ಎಷ್ಟು ಅಂತ ಕೇಳಿದರು, ಇವರು ಅಂದಾಜಿಗೆ ಒಂದು ಹೇಳಿದರು, ಅವರು ಹಾಗೇ ಒತ್ತಿದರು. ಹೀಗೆ ಐದಾರು ವರ್ಷ ಚಿಕ್ಕವರಾಗಿಬಿಟ್ಟವರಿಗೆ ಪಿಂಚಣಿಯೂ ಐದಾರು ವರ್ಷ ತಡ. ತಿದ್ದಿಸಲು ದಾಖಲೆ ಬೇಕು, ಹುಟ್ಟಿದ ದಿನವನ್ನು ಬೇಕೆಂದಾಗಲೆಲ್ಲ ತಿದ್ದುವುದಕ್ಕೂ ಆಗುವುದಿಲ್ಲ. ಅದಕ್ಕೇ ಶಾಲೆಯ ಟಿಸಿ ಎಲ್ಲಾದರೂ ಸಿಕ್ಕರೆ ಜೋಪಾನ.

ಸಂಧ್ಯಾ ಸುರಕ್ಷಾ ಮತ್ತು ವೃದ್ಧಾಪ್ಯ ವೇತನ ಎರಡೂ ಒಂದೇನಾ? ಎರಡೂ ಸಿಗುತ್ತಾ?

ಬೇರೆ ಬೇರೆ. ಎರಡೂ ಒಟ್ಟಿಗೆ ಸಿಗುವುದಿಲ್ಲ, ಒಂದೇ.

ಸಂಧ್ಯಾ ಸುರಕ್ಷಾ ನಮ್ಮ ರಾಜ್ಯದ್ದು, 2007ರಲ್ಲಿ ಶುರುವಾಯಿತು. 65 ತುಂಬಿದ ಸಣ್ಣ ರೈತರು, ಕೂಲಿ ಮಾಡಿದವರು, ನೇಕಾರರು, ಮೀನುಗಾರರು, ಇಂಥ ಅಸಂಘಟಿತ ಕೆಲಸ ಮಾಡಿದವರಿಗೆ. ತಿಂಗಳಿಗೆ 1,200 ರೂಪಾಯಿ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಕೇಂದ್ರದ ಯೋಜನೆ, ಬಡತನ ರೇಖೆಯ ಕೆಳಗಿನ ಕುಟುಂಬದವರಿಗೆ, 60ಕ್ಕೇ ಶುರು. ಅದರಲ್ಲಿ ಕೇಂದ್ರ ಹಾಕುವ ಪಾಲು 79 ವರ್ಷದವರೆಗೆ ಬರೀ 200 ರೂಪಾಯಿ, 80 ದಾಟಿದರೆ 500. ಉಳಿದದ್ದು ರಾಜ್ಯ ತುಂಬುತ್ತದೆ. ಎರಡಕ್ಕೂ ಆದಾಯದ ಮಿತಿ ಇದೆ, ಆದಾಯ ಪ್ರಮಾಣಪತ್ರ ಬೇಕು.

1,200ಕ್ಕೆ ಏನು ಬರುತ್ತೆ ಅಂತ ಕೇಳಬೇಡಿ. ಬಿಪಿ, ಶುಗರ್ ಮಾತ್ರೆಗೇ ಅರ್ಧ ಹೋಗುತ್ತೆ. ಆದರೆ ಮಗನ ಹತ್ತಿರ ಕೈ ಒಡ್ಡದೆ ಎಲೆ ಅಡಿಕೆ ತಗೊಳ್ಳೋದಕ್ಕೆ ಆಗುತ್ತೆ ಅಂತ ನನ್ನ ಅಮ್ಮ ಹೇಳುತ್ತಿದ್ದಳು, ಅದೂ ಸಣ್ಣ ಮಾತಲ್ಲ.

ಇನ್ನೊಂದು. ಪಿಂಚಣಿ ಬರುವ ಅಮ್ಮನಿಗೆ ಗೃಹಲಕ್ಷ್ಮಿ ಬರಲ್ಲ ಅಂತ ಯಾರೋ ಹಬ್ಬಿಸಿದ್ದಾರೆ. ಹಾಗೇನಿಲ್ಲ. ಪಡಿತರ ಚೀಟಿಯಲ್ಲಿ ಅವರೇ ಯಜಮಾನಿ ಆಗಿದ್ದು, ಅವರೋ ಅವರ ಗಂಡನೋ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಲ್ಲದಿದ್ದರೆ ಅದೂ ಬರುತ್ತದೆ.

ಅರ್ಜಿ ಎಲ್ಲಿ ಕೊಡಬೇಕು? ಕೊಟ್ಟು ತಿಂಗಳುಗಟ್ಟಲೆ ಆದರೂ ಸುದ್ದಿ ಇಲ್ಲ.

ಹೋಬಳಿಯ ನಾಡಕಚೇರಿಯಲ್ಲಿ ಕೊಡಿ, ಇಲ್ಲಾ ಗ್ರಾಮ ಒನ್‌ನಲ್ಲಿ. ಆಧಾರ್, ಪಡಿತರ ಚೀಟಿ, ವಯಸ್ಸಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಫೋಟೋ ತಗೊಂಡು ಹೋಗಿ. ಆಮೇಲೆ ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಾವೆಲ್ಲ ಇನ್ನೂ ಗ್ರಾಮ ಲೆಕ್ಕಿಗರು ಅಂತಲೇ ಕರೆಯುವವರು, ವಿಚಾರಣೆ ಮಾಡುತ್ತಾರೆ. ಅಲ್ಲಿಂದ ಕಂದಾಯ ನಿರೀಕ್ಷಕರು, ಅಲ್ಲಿಂದ ಮೇಲೆ.

ಇಲ್ಲಿ ಒಂದೇ ಒಂದು ಮಾತು, ಇದನ್ನು ನಾನು ಎಲ್ಲರಿಗೂ ಜಗಳ ಆಡಿ ಹೇಳುತ್ತೇನೆ: ಸ್ವೀಕೃತಿ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಅದರಲ್ಲಿ 15 ಅಂಕಿಯ ಸಕಾಲ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಇದ್ದರೆ ಅರ್ಜಿ ಯಾರ ಮೇಜಿನ ಮೇಲೆ ಕೂತಿದೆ ಅಂತ ನೋಡಬಹುದು, ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿ ಪರಿಹಾರ ಕೇಳುವ ಹಕ್ಕೂ ಇದೆ. ಇಪ್ಪತ್ತು ರೂಪಾಯಿಗಿಂತ ಆ ಸಂಖ್ಯೆ ಹೇಳಿದ ಕೂಡಲೇ ಕೌಂಟರಿನವರ ದನಿ ಬದಲಾಗುತ್ತಲ್ಲ, ಅದು ದೊಡ್ಡದು. ತಿರಸ್ಕಾರ ಮಾಡಿದ್ದಾರೆ ಅಂದರೆ ಹಿಂಬರಹ ಕೇಳಿ, ಅಂದರೆ ಯಾಕೆ ಆಗಲ್ಲ ಅಂತ ಬರೆದುಕೊಡಬೇಕು. ನನ್ನನ್ನು ಮೂರು ಸಲ ವಾಪಸ್ ಕಳಿಸಿದ್ದು ಬರೀ ಬಾಯಿ ಮಾತಿನಲ್ಲಿ. ನಾಲ್ಕನೇ ಸಲ “ಹಿಂಬರಹ ಕೊಡಿ ಸಾರ್, ಹೋಗ್ತೀನಿ” ಅಂದೆ, ಅರ್ಜಿ ತಗೊಂಡರು.

ಬ್ರೋಕರಿಗೆ ಸಾವಿರ, ಎರಡು ಸಾವಿರ ಕೊಡಬೇಡಿ. ಅವನೂ ಇದೇ ನಾಡಕಚೇರಿಗೇ ಹೋಗುವುದು.

ಬರುತ್ತಿದ್ದ ಪಿಂಚಣಿ ಸುಮ್ಮನೆ ನಿಂತುಹೋಯಿತು. ಯಾಕೆ?

ಹತ್ತರಲ್ಲಿ ಏಳೆಂಟು ಸಲ ನಿಂತಿರುವುದಿಲ್ಲ, ಬೇರೆ ಖಾತೆಗೆ ಹೋಗಿರುತ್ತದೆ. ಈಗ ದುಡ್ಡು ಬರುವುದು ಆಧಾರ್ ನಂಬರ್ ನೋಡಿ. ಕೊನೆಗೆ ಯಾವ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್, ಅಂದರೆ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗಿ ಬೀಳುತ್ತದೆ. ಸಂಘದ ಸಾಲಕ್ಕೆ ಅಂತ ಹೊಸ ಖಾತೆ ಮಾಡಿಸಿರುತ್ತೀರಿ, ಪೋಸ್ಟ್ ಆಫೀಸಿನಲ್ಲಿ ಒಂದು ತೆರೆದಿರುತ್ತೀರಿ, ಅಲ್ಲಿ ಯಾವುದೋ ಫಾರಂಗೆ ಸಹಿ ಹಾಕಿದ್ದೇ ನೆನಪಿರುವುದಿಲ್ಲ. ನಮ್ಮ ಬೀದಿಯ ದೊಡ್ಡಮ್ಮ ಒಬ್ಬರು ಒಂಬತ್ತು ತಿಂಗಳು ಪಿಂಚಣಿ ಇಲ್ಲ ಅಂತ ಅಳುತ್ತಿದ್ದರು. ನೋಡಿದರೆ ಅಷ್ಟೂ ದುಡ್ಡು ಅಂಚೆ ಬ್ಯಾಂಕಿನ ಖಾತೆಯಲ್ಲಿ ತಣ್ಣಗೆ ಕೂತಿತ್ತು. ಮೊದಲು ನಿಮ್ಮ ಎಲ್ಲ ಪಾಸ್‌ಬುಕ್ಕೂ ಎಂಟ್ರಿ ಮಾಡಿಸಿ. ಮೊಬೈಲ್ ಗೊತ್ತಿರುವ ಮೊಮ್ಮಕ್ಕಳಿದ್ದರೆ ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಯಾವ ಖಾತೆಗೆ ಯಾವತ್ತು ಹೋಗಿದೆ ಅಂತ ಕಾಣುತ್ತದೆ.

ಬ್ಯಾಂಕುಗಳ ವಿಲೀನ ಇನ್ನೊಂದು ತಲೆನೋವು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು, ಸಿಂಡಿಕೇಟು 2020ರಲ್ಲಿ ಕೆನರಾ ಆಯಿತು, ಕಾರ್ಪೊರೇಷನ್ನು ಯೂನಿಯನ್ ಆಯಿತು. ಅಜ್ಜಿ ಕೈಯಲ್ಲಿ ಇನ್ನೂ ಹಳೇ ಪಾಸ್‌ಬುಕ್. ಬದಲಾಯಿಸಿಕೊಳ್ಳಿ.

ಅದ್ಯಾವುದೂ ಅಲ್ಲ, ನಿಜಕ್ಕೂ ನಿಂತಿದೆ ಅಂದರೆ ತಾಲ್ಲೂಕು ಕಚೇರಿಗೆ ಹೋಗಿ. ವಿಚಾರಣೆಗೆ ಬಂದಾಗ ಮನೆಯಲ್ಲಿ ಇರಲಿಲ್ಲ ಅಂತ ಹೆಸರು ತೆಗೆದಿರಬಹುದು, ಸತ್ತಿದ್ದಾರೆ ಅಂತಲೂ ನಮೂದಾಗಿರಬಹುದು. ನಗಬೇಡಿ, ಬದುಕಿದ್ದೇನೆ ಅಂತ ಅರ್ಜಿ ಬರೆದುಕೊಟ್ಟವರನ್ನು ಕಂಡಿದ್ದೇನೆ. ನಿಮ್ಮ ಕಡೆ ಪಿಂಚಣಿ ಅದಾಲತ್ ನಡೆಯುವ ದಿನ ಯಾವುದು ಅಂತ ಕೇಳಿಕೊಂಡು ಅವತ್ತೇ ಹೋದರೆ ಎಲ್ಲ ಅಧಿಕಾರಿಗಳೂ ಒಂದೇ ಕಡೆ ಸಿಗುತ್ತಾರೆ.

ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಬರುತ್ತಿಲ್ಲ.

ಬೀಡಿ ಕಟ್ಟಿದ, ಕಳೆ ಕಿತ್ತ, ನಲವತ್ತು ವರ್ಷ ಪಾತ್ರೆ ಉಜ್ಜಿದ ಬೆರಳಲ್ಲಿ ಗೆರೆ ಎಲ್ಲಿಂದ ಉಳಿಯುತ್ತೆ? ಅಜ್ಜಿ ಬೆರಳನ್ನು ಸೆರಗಿಗೆ ಉಜ್ಜುತ್ತಾರೆ, ತಲೆಗೂದಲಿಗೆ ಸವರುತ್ತಾರೆ, ಮತ್ತೆ ಒತ್ತುತ್ತಾರೆ, ಮೆಶಿನ್ನು ಮತ್ತೆ ಕೆಂಪು ದೀಪ ತೋರಿಸುತ್ತೆ, ಹಿಂದಿನ ಸಾಲು ಗೊಣಗುತ್ತೆ. ಹತ್ತೂ ಬೆರಳು ಒತ್ತಿ ನೋಡಿ, ಕೆಲವರಿಗೆ ಕಿರುಬೆರಳು ಬರುತ್ತದೆ. ಕಣ್ಣಿನ ಸ್ಕ್ಯಾನ್ ಅಥವಾ ಒಟಿಪಿ ಇದೆಯಾ ಅಂತ ಕೇಳಿ. ಒಟಿಪಿಗೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ಮನೆಯಲ್ಲಿ ಯಾರದಾದರೂ ಕೈಯಲ್ಲಿರಬೇಕು. ಕಾರ್ಡಿನಲ್ಲಿ ಹೆಸರಿರುವ ಬೇರೆ ಯಾರಾದರೂ ಬಂದು ಒತ್ತಿದರೂ ಪಡಿತರ ಕೊಡಬೇಕು. ಬಿಡುವಾದಾಗ ಆಧಾರ್ ಕೇಂದ್ರಕ್ಕೆ ಹೋಗಿ ಬಯೊಮೆಟ್ರಿಕ್ ಹೊಸದಾಗಿ ಕೊಟ್ಟು ಬನ್ನಿ.

ಮಕ್ಕಳು ನೋಡಿಕೊಳ್ಳುತ್ತಿಲ್ಲ. ಕೋರ್ಟು, ವಕೀಲರು ಅಂತ ಅಲೆಯುವ ಶಕ್ತಿ ಇಲ್ಲ.

ಅಲೆಯಬೇಕಿಲ್ಲ. ಇದಕ್ಕೆಂದೇ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಇದೆ. ನಮ್ಮಲ್ಲಿ ಇದರ ನ್ಯಾಯಮಂಡಳಿ ಅಂದರೆ ಉಪವಿಭಾಗಾಧಿಕಾರಿ, ಅದೇ ಎಸಿ ಸಾಹೇಬರು. ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ನಡೆಯುತ್ತದೆ. ನೀವು ಇರುವ ಊರಿನಲ್ಲೂ ಹಾಕಬಹುದು, ಮಗನೋ ಮಗಳೋ ಇರುವ ಊರಿನಲ್ಲೂ ಹಾಕಬಹುದು. ನಡೆಯಲು ಆಗದಿದ್ದರೆ ನಿಮ್ಮ ಪರವಾಗಿ ಬೇರೆಯವರು, ಸಂಘ ಸಂಸ್ಥೆಯವರು ಹಾಕಬಹುದು. ಸಾಮಾನ್ಯವಾಗಿ ಮೊದಲು ರಾಜಿಗೆ ಕೂರಿಸುತ್ತಾರೆ. ಎದುರಿನವರಿಗೆ ನೋಟಿಸ್ ಮುಟ್ಟಿದ 90 ದಿನದಲ್ಲಿ ತೀರ್ಮಾನ ಆಗಬೇಕು, ವಿಶೇಷ ಕಾರಣ ಇದ್ದರೆ ಇನ್ನೊಂದು 30 ದಿನ. ಅಷ್ಟರೊಳಗೆ ಮಧ್ಯಂತರವಾಗಿ ಇಷ್ಟು ಕೊಡಿ ಅಂತ ಆದೇಶವನ್ನೂ ಕೇಳಬಹುದು, ಇದನ್ನು ಕೇಳಲು ಜನ ಮರೆಯುತ್ತಾರೆ.

ಯಾರ ಮೇಲೆ ಹಾಕಬಹುದು? ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು. ಮದುವೆಯಾಗಿ ಹೋದ ಮಗಳೂ ಇದರಲ್ಲಿ ಬರುತ್ತಾಳೆ. ಸೊಸೆ, ಅಳಿಯ ಬರುವುದಿಲ್ಲ. ಮಕ್ಕಳೇ ಇಲ್ಲದವರು ಮುಂದೆ ತಮ್ಮ ಆಸ್ತಿ ಯಾರಿಗೆ ಸೇರುತ್ತದೋ ಆ ಸಂಬಂಧಿಕರ ಮೇಲೆ ಹಾಕಬಹುದು.

ಹೆಚ್ಚೆಂದರೆ ತಿಂಗಳಿಗೆ 10,000 ರೂಪಾಯಿ. 2007ರಲ್ಲಿ ಇಟ್ಟ ಮಿತಿ ಇನ್ನೂ ಹಾಗೇ ಇದೆ. ಕಾಲಕ್ಕೆ ತಕ್ಕಂತೆ ಇದನ್ನು ಬದಲಿಸಬೇಕು ಅಂತ ನಮ್ಮ ಹೈಕೋರ್ಟೇ 2025ರಲ್ಲಿ ಕೇಂದ್ರಕ್ಕೆ ಹೇಳಿತು. ಆದೇಶ ಆದ ಮೇಲೂ ಕೊಡದಿದ್ದರೆ ವಾರಂಟ್ ಹೊರಡಿಸಬಹುದು, ಒಂದು ತಿಂಗಳವರೆಗೆ ಜೈಲೂ ಆಗಬಹುದು. ಬಾಕಿ ಬಿದ್ದ ಮೂರು ತಿಂಗಳೊಳಗೆ ನೀವು ಹೋಗಿ ಹೇಳಬೇಕು, ಅಯ್ಯೋ ಪಾಪ ಮುಂದಿನ ತಿಂಗಳು ಕೊಡ್ತಾನೆ ಅಂತ ಕಾಯುತ್ತಾ ಕೂತರೆ ಆ ಬಾಕಿ ಹೋಯಿತು.

ಪರಿಚಯದ ತಾತ ಒಬ್ಬರ ಜೊತೆ ಎಸಿ ಕಚೇರಿಗೆ ಹೋಗಿದ್ದೆ. ತೊಳೆದು ಒಣಗಿಸಿದ ಹಾಲಿನ ಕವರಲ್ಲಿ ಮೆಡಿಕಲ್ ಅಂಗಡಿಯ ಬಿಲ್ಲುಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಮಗ ಎದುರಿಗೇ ನಿಂತಿದ್ದ, ಮೊಬೈಲ್ ನೋಡುತ್ತಾ. ಸಾಹೇಬರು “ತಿಂಗಳಿಗೆ ಎಷ್ಟು ಬೇಕು ಯಜಮಾನ್ರೇ?” ಅಂದರು. ತಾತ ಆ ಕವರನ್ನು ತೊಡೆಯ ಮೇಲೆ ತಿರುಗಿಸಿ ತಿರುಗಿಸಿ, “ಅವನಿಗೆ ಕಷ್ಟ ಆಗದಷ್ಟು” ಅಂದುಬಿಟ್ಟರು. ಬಿಲ್ಲು ಹೊರಗೆ ಬರಲೇ ಇಲ್ಲ. ಆದ ಆದೇಶ 2,000.

ಅದಕ್ಕೇ ಹೇಳುವುದು, ಲೆಕ್ಕ ಮೊದಲೇ ಹಾಳೆಯ ಮೇಲೆ ಬರೆದು ಅರ್ಜಿ ಜೊತೆಗೇ ಕೊಟ್ಟುಬಿಡಿ. ಮಾತ್ರೆ ಇಷ್ಟು, ಊಟಕ್ಕೆ ಇಷ್ಟು, ಬಾಡಿಗೆ ಇಷ್ಟು, ಮಗನ ಸಂಬಳ ಅಂದಾಜು ಇಷ್ಟು. ಎದುರಿಗೆ ಮಗ ನಿಂತಾಗ ಯಾವ ಅಪ್ಪನ ಬಾಯಲ್ಲೂ ದುಡ್ಡಿನ ಅಂಕಿ ಬರಲ್ಲ.

ಮನೆ ಮಗನ ಹೆಸರಿಗೆ ಬರೆದುಕೊಟ್ಟೆ. ಈಗ ಹೊರಗೆ ಹೋಗು ಅಂತಿದ್ದಾನೆ. ವಾಪಸ್ ಸಿಗುತ್ತಾ?

ಸಿಗಬಹುದು, ಆದರೆ ಪತ್ರದಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ಅದೇ ಕಾಯ್ದೆಯ 23ನೇ ಕಲಮು ಹೇಳುವುದು ಇಷ್ಟು: ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ದಾನಪತ್ರವೋ ಇನ್ನೊಂದೋ ಮಾಡಿಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ಮೋಸದಿಂದ ಆದದ್ದು ಅಂತ ಪರಿಗಣಿಸಿ ನ್ಯಾಯಮಂಡಳಿ ರದ್ದು ಮಾಡಬಹುದು. ಕಾಯ್ದೆ ಜಾರಿಗೆ ಬರುವ ಮೊದಲು ಬರೆದುಕೊಟ್ಟದ್ದಕ್ಕೆ ಇದು ನಡೆಯಲ್ಲ.

ಜಗಳ ಇರುವುದು “ಷರತ್ತು” ಎಂಬ ಒಂದು ಪದದಲ್ಲಿ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಷರತ್ತು ಇತ್ತು ಅಂತ ತೋರಿಸಲೇಬೇಕು, ಬರೀ ನೋಡಿಕೊಳ್ಳಲಿಲ್ಲ ಅಂದರೆ ಸಾಲದು ಅಂದಿತು. 2025ರ ಜನವರಿಯಲ್ಲಿ ಇನ್ನೊಂದು ತೀರ್ಪು ಬಂತು, ಈ ಕಾಯ್ದೆ ಇರುವುದೇ ಹಿರಿಯರಿಗಾಗಿ, ಅದನ್ನು ಉದಾರವಾಗಿ ಓದಬೇಕು ಅಂತ ಹೇಳಿ ತಾಯಿಯೊಬ್ಬರ ದಾನಪತ್ರ ರದ್ದಾದದ್ದನ್ನು ಎತ್ತಿಹಿಡಿದು ಮನೆಯನ್ನೂ ವಾಪಸ್ ಕೊಡಿಸಿತು. ಆ ಕೇಸಿನಲ್ಲಿ ಮಗ ಬರೆದುಕೊಟ್ಟ ಒಂದು ಕಾಗದ ಕೆಲಸಕ್ಕೆ ಬಂತು, ಅಮ್ಮನನ್ನು ನೋಡಿಕೊಳ್ಳುತ್ತೇನೆ ಅಂತ.

ನಮ್ಮಲ್ಲಿ ನಡೆಯುವುದು ಬೇರೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಪತ್ರ ಬರಹಗಾರರ ಹತ್ತಿರ ಸಿದ್ಧವಾಗಿರುವ ನಮೂನೆಯಲ್ಲಿ “ಪ್ರೀತಿ ವಿಶ್ವಾಸದಿಂದ” ಅಂತ ಬರೆಸಿ, ಹೆಸರು ತುಂಬಿ, ಬೆರಳು ಒತ್ತಿಸಿ ಮುಗಿಸುತ್ತಾರೆ. ಪ್ರೀತಿ ವಿಶ್ವಾಸ ಇರಲಿ ಬಿಡಿ, ಅದರ ಕೆಳಗೆ ಒಂದು ಸಾಲು ಜಾಸ್ತಿ ಹಾಕಿಸಿ: ಬದುಕಿರುವವರೆಗೆ ಇದೇ ಮನೆಯಲ್ಲಿ ಇರುವ ಹಕ್ಕು ನನ್ನದು, ಊಟ, ಔಷಧಿ, ಆರೈಕೆ ಕೊಡಬೇಕು, ಕೊಡದಿದ್ದರೆ ಈ ಪತ್ರ ರದ್ದು. ಹಕ್ಕು ಬಿಡುಗಡೆ ಪತ್ರ, ವಿಭಾಗಪತ್ರ ಅಂದರೂ ಅಷ್ಟೇ, ಸಹಿ ಹಾಕುವ ಮೊದಲು ಮನೆಯವರಲ್ಲದ ಯಾರಿಂದಾದರೂ ಓದಿಸಿಕೊಳ್ಳಿ.

ಹಾಗಾದರೆ ದಾನಪತ್ರ ಒಳ್ಳೇದಾ, ವಿಲ್ ಒಳ್ಳೇದಾ?

ನನ್ನನ್ನು ಕೇಳಿದರೆ ವಿಲ್. ದಾನಪತ್ರ ನೋಂದಣಿ ಆದ ದಿನವೇ ಆಸ್ತಿ ಕೈ ಬಿಟ್ಟಂತೆ. ವಿಲ್ ನೀವು ಹೋದ ಮೇಲೆ ಮಾತ್ರ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯದೇ ನಿಲ್ಲುತ್ತದೆ. ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯ ಅಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಇಬ್ಬರು ಸಾಕ್ಷಿ ಬೇಕೇ ಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಹಾಕಿಸಬೇಡಿ, ನಿಮಗಿಂತ ವಯಸ್ಸಾದವರನ್ನೂ ಬೇಡ. ಹಾಸಿಗೆ ಹಿಡಿದವರಿಗೆ ನೋಂದಣಾಧಿಕಾರಿ ಮನೆಗೇ ಬರಲು ಅವಕಾಶ ಇದೆ, ಕಾರಣ ಬರೆದು ಅರ್ಜಿ ಕೊಡಬೇಕು.

ಸೊಸೆಯನ್ನು ಮನೆಯಿಂದ ಬಿಡಿಸಬಹುದಾ?

ಈ ಪ್ರಶ್ನೆ ತುಂಬಾ ಬರುತ್ತೆ. ಅಷ್ಟು ಸುಲಭ ಇಲ್ಲ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಬೆಂಗಳೂರಿನ ಕಡೆಯದೇ ಒಂದು ಕೇಸಿನಲ್ಲಿ, ಹಿರಿಯರ ಕಾಯ್ದೆ ತೋರಿಸಿ ಸೊಸೆಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಇರುವ ವಾಸದ ಹಕ್ಕನ್ನು ಕಿತ್ತುಕೊಳ್ಳಲು ಆಗಲ್ಲ ಅಂತ ಹೇಳಿದೆ. ಎರಡು ಕಾಯ್ದೆಯನ್ನೂ ಒಟ್ಟಿಗೆ ನೋಡಬೇಕು. ಎಷ್ಟೋ ಸಲ ಗಂಡನೇ ಹಿಂದೆ ನಿಂತು ಅಪ್ಪ ಅಮ್ಮನಿಂದ ಅರ್ಜಿ ಹಾಕಿಸಿರುತ್ತಾನೆ. ಅಂಥದ್ದಕ್ಕೆ ನಾನು ಅರ್ಜಿ ಬರೆದುಕೊಡಲ್ಲ.

ಆಸ್ಪತ್ರೆ ಖರ್ಚು ಹೇಗೆ?

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಇದರ ಜೊತೆ 70 ತುಂಬಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷದ ವಯ ವಂದನಾ ಕಾರ್ಡನ್ನು ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿತು. ಯಾವ ಕಾರ್ಡಾದರೂ ಸರಿ, ದಾಖಲಾಗುವ ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಟೇಬಲ್ ಹುಡುಕಿ, ಈ ಕಾಯಿಲೆಗೆ ಈ ಆಸ್ಪತ್ರೆಯಲ್ಲಿ ನಡೆಯುತ್ತಾ ಅಂತ ಕೇಳಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಇದು ಗೊತ್ತಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ವಾನ್ಸ್ ಕಟ್ಟಿ ಆಮೇಲೆ ಕಾರ್ಡ್ ತೋರಿಸಿದರೆ ಯಾರೂ ಕೇಳಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕು ಅಂತ ಕಾಯ್ದೆಯಲ್ಲೇ ಇದೆ. ಬೋರ್ಡ್ ಇಲ್ಲದಿದ್ದರೆ ಕೇಳಿ. ಊರುಗೋಲು, ವಾಕರ್, ಕಿವಿ ಯಂತ್ರ, ಹಲ್ಲಿನ ಸೆಟ್ಟು, ಇವನ್ನು ಬಡ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಉಚಿತವಾಗಿ ಕೊಡುತ್ತಾರೆ, ಶಿಬಿರ ಯಾವಾಗ ಅಂತ ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಬೇಕು. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅವರು ಅಂಗವಿಕಲರಿಗೆ ಅಂತ ಇರುವವರು, ಆದರೆ ಇಲಾಖೆ ಒಂದೇ ಆದ್ದರಿಂದ ಶಿಬಿರದ ಸುದ್ದಿ ಮೊದಲು ಬರುವುದು ಅವರಿಗೇ.

ಅಪ್ಪ ಹೇಳಿದ್ದೇ ಹೇಳ್ತಾರೆ, ದಾರಿ ತಪ್ಪುತ್ತಾರೆ. ವಯಸ್ಸಾದ ಮೇಲೆ ಇದೆಲ್ಲ ಸಹಜ ಅಲ್ವಾ?

ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಸಹಜ. ಮೂವತ್ತು ವರ್ಷ ನಡೆದ ಬೀದಿಯಲ್ಲಿ ಮನೆ ಗೊತ್ತಾಗದೆ ನಿಲ್ಲುವುದು, ಈಗಷ್ಟೇ ಊಟ ಮಾಡಿ ಊಟವೇ ಕೊಟ್ಟಿಲ್ಲ ಅನ್ನುವುದು ಸಹಜ ಅಲ್ಲ. ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಥೈರಾಯ್ಡ್, ವಿಟಮಿನ್ ಬಿ12 ಕೊರತೆಯಿಂದಲೂ ಹೀಗಾಗುತ್ತದೆ, ಅದಕ್ಕೆ ಔಷಧಿ ಇದೆ. ನಿಮ್ಹಾನ್ಸ್‌ನಲ್ಲಿ ಹಿರಿಯರ ವಿಭಾಗ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳಿನ ಆರೋಗ್ಯಕ್ಕೆ ಅಂತ ಒಂದು ಕಾರ್ಯಕ್ರಮ ಶುರು ಮಾಡಿದೆ, ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಆ ಕ್ಲಿನಿಕ್ ಇದೆಯಾ ಕೇಳಿ. ಬೆಂಗಳೂರಿನ ಕಸ್ತೂರಿನಗರದಲ್ಲಿ ಡಿಮೆನ್ಷಿಯಾದವರಿಗಾಗಿಯೇ ನೈಟಿಂಗೇಲ್ಸ್ ಕೇಂದ್ರ ಇದೆ.

ಅಲ್ಲಿಯವರೆಗೆ ಅಂಗಿಯ ಒಳಜೇಬಿಗೆ ಫೋನ್ ನಂಬರ್ ಹೊಲಿದುಬಿಡಿ. ಚೀಟಿ ಇಟ್ಟರೆ ಎಸೆಯುತ್ತಾರೆ.

ಒಬ್ಬಳೇ ಇದ್ದೇನೆ. ಭಯ ಆಗುತ್ತೆ.

ಹತ್ತಿರದ ಠಾಣೆಗೆ ಹೋಗಿ ಒಂಟಿಯಾಗಿದ್ದೇನೆ ಅಂತ ಹೆಸರು, ವಿಳಾಸ, ಮಕ್ಕಳ ನಂಬರ್ ಬರೆಸಿ ಬನ್ನಿ. ಒಂಟಿ ಹಿರಿಯರ ಪಟ್ಟಿ ಠಾಣೆಯಲ್ಲಿ ಇರಬೇಕು, ಬೀಟ್ ಪೊಲೀಸರು ಆಗಾಗ ಬಂದು ನೋಡಬೇಕು. ಮನೆಗೆಲಸದವರ ಆಧಾರ್ ಪ್ರತಿ ಇಟ್ಟುಕೊಳ್ಳಿ.

ಈಗ ಕಳ್ಳರು ಬಾಗಿಲಿಂದ ಬರುವುದಕ್ಕಿಂತ ಫೋನಿಂದ ಬರುವುದು ಜಾಸ್ತಿ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡು “ನಿಮ್ಮ ಹೆಸರಲ್ಲಿ ಪಾರ್ಸೆಲ್ ಬಂದಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿ” ಅಂತಾರೆ. ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಯಾರಿಗೂ ಹೇಳಬೇಡಿ ಅಂದ ಕೂಡಲೇ ಫೋನ್ ಇಟ್ಟು ಪಕ್ಕದ ಮನೆಯವರಿಗೆ ಹೇಳಿ. ದುಡ್ಡು ಹೋಗಿದ್ದರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ. ಮೊದಲ ಒಂದೆರಡು ಗಂಟೆಯಲ್ಲಿ 1930ಕ್ಕೆ ಹೇಳಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ವೃದ್ಧಾಶ್ರಮ ಹುಡುಕುವುದು ಹೇಗೆ?

ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ಉಚಿತ ವೃದ್ಧಾಶ್ರಮಗಳಿವೆ, ಹಗಲು ಹೊತ್ತು ಮಾತ್ರ ಇದ್ದು ಸಂಜೆ ಮನೆಗೆ ಬರುವ ಹಗಲು ಯೋಗಕ್ಷೇಮ ಕೇಂದ್ರಗಳೂ ಇವೆ. ಪಟ್ಟಿ ಜಿಲ್ಲೆಯ ಅದೇ ಹಿರಿಯ ನಾಗರಿಕರ ಇಲಾಖೆಯಲ್ಲಿ ಸಿಗುತ್ತದೆ, 14567ರಲ್ಲೂ ಹೇಳುತ್ತಾರೆ. ದುಡ್ಡು ಕೊಟ್ಟು ಸೇರುವ ಕಡೆ ಹೋಗುವುದಾದರೆ ಮುಂಚೆ ಹೇಳದೆ ಊಟದ ಹೊತ್ತಿಗೆ ಹೋಗಿ. ತಟ್ಟೆ ನೋಡಿ, ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ ನೋಡಿ, ರಾತ್ರಿ ಎಷ್ಟು ಜನ ಇರುತ್ತಾರೆ ಕೇಳಿ. ಠೇವಣಿ ಯಾವಾಗ, ಎಷ್ಟು ವಾಪಸ್ ಅಂತ ಬರೆಸಿಕೊಳ್ಳಿ. ನನ್ನ ನೆಂಟರೊಬ್ಬರು ಕಟ್ಟಿದ್ದ ಠೇವಣಿಯಲ್ಲಿ ಅರ್ಧ “ಪೇಂಟಿಂಗ್ ಖರ್ಚು” ಅಂತ ಹಿಡಿದುಕೊಂಡರು. ರಶೀದಿ ಇತ್ತು, ಕರಾರು ಇರಲಿಲ್ಲ.

ಬಸ್ಸು, ರೈಲಿನ ರಿಯಾಯಿತಿ?

ಕೆಎಸ್‌ಆರ್‌ಟಿಸಿಯ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದ 60 ತುಂಬಿದವರಿಗೆ ಶೇ 25 ಕಡಿಮೆ. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡೇ ಇಲ್ಲ, ಹಾಗಾಗಿ ಈ ಶೇ 25 ಈಗ ತಾತಂದಿರಿಗೆ ಮಾತ್ರ ಅನ್ನಿ. ರೈಲಿನ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ನಿಲ್ಲಿಸಿದರು, ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. ಕೆಳಗಿನ ಬರ್ತಿನ ಕೋಟಾ ಇದೆ, ಗಂಡಸರಿಗೆ 60, ಹೆಂಗಸರಿಗೆ 45.

ಬ್ಯಾಂಕಿಗೆ ಹೋಗಲು ಆಗಲ್ಲ. ಜೀವನ ಪ್ರಮಾಣ ಹೇಗೆ ಕೊಡಲಿ?

70 ದಾಟಿದವರಿಗೆ ಮನೆ ಬಾಗಿಲಿಗೆ ಬಂದು ಮೂಲ ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಶಾಖೆಗೆ ಬರೆದುಕೊಡಿ. ನಿವೃತ್ತ ಸರ್ಕಾರಿ ನೌಕರರ ಜೀವನ ಪ್ರಮಾಣವನ್ನು, ಅಂದರೆ ಬದುಕಿದ್ದೇನೆ ಅನ್ನುವ ಪ್ರಮಾಣಪತ್ರವನ್ನು, ನವೆಂಬರ್‌ನಲ್ಲಿ ಕೊಡಬೇಕು, ಕೇಂದ್ರ ಸರ್ಕಾರದ ಪಿಂಚಣಿದಾರರು 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ ಕೊಡಬಹುದು. ಈಗ ಮುಖ ತೋರಿಸಿ ಮೊಬೈಲಲ್ಲೇ ಮಾಡಬಹುದು, ಇಲ್ಲಾ ಅಂಚೆಯಣ್ಣನನ್ನು ಕೇಳಿದರೆ ಸಣ್ಣ ಶುಲ್ಕಕ್ಕೆ ಮನೆಯಲ್ಲೇ ಮಾಡಿಕೊಡುತ್ತಾರೆ.

ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡ ಅಂತ ಈಗಲೇ ಬರೆದಿಡಬಹುದಾ?

ಬರೆದಿಡಬಹುದು. 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ 2025ರ ಜನವರಿಯಲ್ಲಿ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿತು. ನಿಮ್ಮ ಪರವಾಗಿ ಯಾರು ತೀರ್ಮಾನ ಹೇಳಬೇಕು ಅಂತ ಹೆಸರು ಬರೆಯಿರಿ, ಆ ವ್ಯಕ್ತಿಗೆ ಒಂದು ಪ್ರತಿ ಕೊಡಿ. ಮನೆಯಲ್ಲಿ “ಶುಭ ನುಡಿಯೋ ಸೋಮ” ಅಂತ ಬೈದರೆ ಬೈಸಿಕೊಳ್ಳಿ.

ಅಪ್ಪ ಅಮ್ಮ ಊರಲ್ಲಿ, ನಾನು ದೂರ ಇದ್ದೇನೆ. ನಾನೇನು ಮಾಡಲಿ?

ಮುಂದಿನ ಸಲ ಬಂದಾಗ ಟಿವಿ ತರಬೇಡಿ. ಎರಡು ದಿನ ಅವರ ಜೊತೆ ಕೂತು ಆಧಾರ್, ಪಾಸ್‌ಬುಕ್, ನಾಮಿನಿ, ಪಹಣಿ, ಕಾರ್ಡುಗಳು ಎಲ್ಲ ನೋಡಿ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಅರ್ಜಿ ಹಾಕಿ. ಆಶಾ ಕಾರ್ಯಕರ್ತೆ, ಮೆಡಿಕಲ್ ಅಂಗಡಿಯವರು, ಆಟೋದವರು, ಪಕ್ಕದ ಮನೆಯವರು, ಈ ನಾಲ್ಕು ಜನರ ನಂಬರ್ ನಿಮ್ಮ ಹತ್ತಿರ ಇರಲಿ, ನಿಮ್ಮದು ಅವರ ಹತ್ತಿರ ಇರಲಿ.

ಯಾವ ಕಾಗದ ಇಟ್ಟುಕೊಂಡಿರಬೇಕು?

ಆಧಾರ್, ಪಡಿತರ ಚೀಟಿ, ವೋಟರ್ ಐಡಿ, ಪಾಸ್‌ಬುಕ್ಕಿನ ಮೊದಲ ಪುಟ, ಪಿಂಚಣಿ ಮಂಜೂರಾತಿ ಪತ್ರ, ಆದಾಯ ಪ್ರಮಾಣಪತ್ರ, ಗಂಡನೋ ಹೆಂಡತಿಯೋ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಆರು ಫೋಟೋ. ಎಲ್ಲದರದ್ದೂ ಮೂರು ಮೂರು ಜೆರಾಕ್ಸ್, ಒಂದೇ ಪ್ಲಾಸ್ಟಿಕ್ ಕವರಲ್ಲಿ. ಅಸಲನ್ನು ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ಇಟ್ಟುಕೊಳ್ಳಿ. ನನ್ನ ಅಮ್ಮನ ಕವರು ಅಕ್ಕಿ ಡಬ್ಬದ ಮೇಲೆ ಇರುತ್ತಿತ್ತು. ಅವಳು ಹೋದ ದಿನ ಆಂಬುಲೆನ್ಸಿನವರು ಆಧಾರ್ ಕೇಳಿದಾಗ ಪಕ್ಕದ ಮನೆ ಹುಡುಗ ನೇರ ಅಡುಗೆಮನೆಗೆ ಹೋಗಿ ತಂದುಕೊಟ್ಟ.